ದಾನದ ಎಮ್ಮೆಯ ಹಲ್ಲು

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುವುದು ನಮ್ಮ ಹಳೆಯ ಗಾದೆ. ಪುಕ್ಕಟೆ ಬಂದದ್ದರಲ್ಲಿ ಕೊರತೆ ಎಣಿಸುವುದು ಸಣ್ಣತನ ಎಂಬುದು ಅದರ ಇಂಗಿತ. ಪಡೆದವನ ಮಟ್ಟಿಗೆ ಮಾತು ಸರಿ. ಆದರೆ ಕೊಟ್ಟವನೂ ಅದೇ ಗಾದೆಯ ನೆರಳಲ್ಲಿ ಕೂತು, ಕೊಟ್ಟ ಮೇಲೆ ತಿರುಗಿ ನೋಡದೇ ಹೋದರೆ? ಎಮ್ಮೆ ಹಾಲು ಕರೆಯಿತೋ, ಗೊಡ್ಡಾಗಿ ನಿಂತು ಬಡವನ ಹುಲ್ಲನ್ನೇ ಮೇಯಿತೋ ಯಾರಿಗೂ ತಿಳಿಯುವುದಿಲ್ಲ. ಒಂದು ದೇಶದ ಜನ ಇನ್ನೊಂದು ದೇಶದ ಹಳ್ಳಿಯ ಆರೋಗ್ಯಕ್ಕೆ, ಶಾಲೆಗೆ ಕಳಿಸುವ ನೆರವಿನಲ್ಲಿ ಈ ತೊಡಕು ಹೆಚ್ಚು. ಕೊಟ್ಟವರು ಸಾವಿರಾರು ಮೈಲಿ ದೂರದಲ್ಲಿರುತ್ತಾರೆ. ಪಡೆದವರು ಸಂಕೋಚಕ್ಕೆ ಬಾಯಿ ಬಿಡುವುದಿಲ್ಲ. ನಡುವೆ ಓಡಾಡುವುದು ಫೋಟೊ ಮತ್ತು ವರದಿ ಮಾತ್ರ.

ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಪ್ಲೇಪಂಪಿನ ಕಥೆ ನೋಡಿ. ಶಾಲೆಯ ಅಂಗಳದಲ್ಲಿ ಮಕ್ಕಳು ಹತ್ತಿ ಕೂತು ಗಿರಗಿರ ಸುತ್ತುವ ಒಂದು ತಿರುಗಣೆ. ಅದು ಸುತ್ತಿದಂತೆಲ್ಲ ಕೊಳವೆಬಾವಿಯ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಮಕ್ಕಳಿಗೆ ಆಟ, ಊರಿಗೆ ನೀರು. ಚಿತ್ರ ನೋಡಿದವರು ಮರುಳಾಗದೇ ಇರುವುದು ಕಷ್ಟ. 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ಒಂದೊಂದು ಪಂಪಿನ ಖರ್ಚು ಸುಮಾರು 14,000 ಡಾಲರ್. ಅಷ್ಟು ದುಡ್ಡಿಗೆ ಮಾಮೂಲಿ ಕೈಪಂಪು ಮೂರು ನಾಲ್ಕು ಬರುತ್ತಿದ್ದವು. ಎಷ್ಟೋ ಕಡೆ ಇದ್ದ ಕೈಪಂಪನ್ನೇ ಕಿತ್ತು ಇದನ್ನು ಕೂರಿಸಿದರು. ಊರಿಗೆಲ್ಲ ನೀರಾಗಬೇಕಾದರೆ ಮಕ್ಕಳು ಹಗಲೆಲ್ಲ ಸುತ್ತಬೇಕು. ಮಕ್ಕಳು ಆಡುವುದು ಆಟದ ಹೊತ್ತಿನಲ್ಲಿ, ಅದೂ ಬೇಸರ ಬರುವ ತನಕ. ಕೊನೆಗೆ ಕೊಡ ಹಿಡಿದು ಬಂದ ಹೆಂಗಸರು, ವಯಸ್ಸಾದವರು ಸೊಂಟ ಬಗ್ಗಿಸಿ ಆ ತಿರುಗಣೆಯನ್ನು ತಳ್ಳುವಂತಾಯಿತು. ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿರಲಿಲ್ಲ. ನಾಲ್ಕೈದು ವರ್ಷದೊಳಗೆ ಆ ಯೋಜನೆಯ ಸದ್ದಡಗಿತು.

ಅಲ್ಲಿ ಯಾರೂ ದುಡ್ಡು ನುಂಗಿರಲಿಲ್ಲ. ಕೊಟ್ಟವರ ಮನಸ್ಸಿನಲ್ಲಿ ಕಪಟವೂ ಇರಲಿಲ್ಲ. ನೀರು ಹೊರುವ ಹೆಂಗಸನ್ನು ಕೂರಿಸಿಕೊಂಡು ಒಂದು ಮಾತು ಕೇಳಿರಲಿಲ್ಲ, ಅಷ್ಟೆ.

ಇದಕ್ಕೆ ತದ್ವಿರುದ್ಧವಾದ ಕಥೆ ನಮ್ಮ ನೆರೆಯ ಬಾಂಗ್ಲಾದೇಶದ್ದು. 1970ರ ಚಂಡಮಾರುತ, 1971ರ ಯುದ್ಧ ಎರಡರಿಂದಲೂ ಜರ್ಜರಿತವಾದ ನಾಡು ಅದು. ಷೆಲ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಲೆಕ್ಕಪತ್ರ ತಜ್ಞ ಫಜ್ಲೆ ಹಸನ್ ಅಬೇದ್, ಲಂಡನ್ನಿನ ತಮ್ಮ ಮನೆ ಮಾರಿ ಬಂದ ಹಣ ಹಿಡಿದು, 1972ರಲ್ಲಿ ಸಿಲ್ಹೆಟ್ ಕಡೆಯ ಸುಲ್ಲಾ ಎಂಬ ಜೌಗು ಪ್ರದೇಶಕ್ಕೆ ಬಂದರು. ಭಾರತದ ನಿರಾಶ್ರಿತರ ಶಿಬಿರಗಳಿಂದ ಮರಳಿದವರಿಗೆ ಅಲ್ಲಿ ಮನೆ ಇಲ್ಲ, ದೋಣಿ ಇಲ್ಲ, ಬಲೆ ಇಲ್ಲ. ಬ್ರಿಟನ್ನಿನ ಆಕ್ಸ್‌ಫ್ಯಾಮ್ ನೆರವು ಕೊಟ್ಟಿತು. ಹೀಗೆ ಹುಟ್ಟಿದ್ದು ಬ್ರ್ಯಾಕ್ ಸಂಸ್ಥೆ. ಮೊದಲು ತೆರೆದ ವಯಸ್ಕರ ಅಕ್ಷರ ಕೇಂದ್ರಗಳಿಗೆ ಕೆಲವೇ ತಿಂಗಳಲ್ಲಿ ಜನ ಬರುವುದು ನಿಂತಿತು. ದಿನವಿಡೀ ದುಡಿದು ದಣಿದವನಿಗೆ ಅ ಆ ಇ ಈ ಯಾವ ಲಾಭಕ್ಕೆ? ಅಬೇದ್ ಜನರನ್ನು ಸೋಮಾರಿಗಳೆಂದು ಬೈಯಲಿಲ್ಲ. ಪಾಠವನ್ನೇ ಬದಲಿಸಿದರು. ಆ ಗುಣ ಮುಂದೆ ದೊಡ್ಡ ಕೆಲಸಕ್ಕೆ ಒದಗಿತು.

ಆಗ ಬಾಂಗ್ಲಾದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಇನ್ನೂರಕ್ಕೂ ಹೆಚ್ಚು ಐದು ತುಂಬುವುದರೊಳಗೆ ಸಾಯುತ್ತಿದ್ದವು. ವಾಂತಿಭೇದಿ ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು. ಮೈಯ ನೀರು, ಉಪ್ಪು ಎರಡೂ ಬಸಿದು ಹೋಗಿ ಮಗು ಒಂದೆರಡು ದಿನದಲ್ಲಿ ಕೈಗೆ ಸಿಗದೇ ಹೋಗುತ್ತಿತ್ತು. ಔಷಧಿ ಮಾತ್ರ ಆಗಲೇ ಗೊತ್ತಿತ್ತು. ಉಪ್ಪು ಮತ್ತು ಸಕ್ಕರೆ ಜೊತೆಯಾಗಿ ಹೋದರೆ, ಕಾಲರಾ ಬಂದ ಕರುಳೂ ನೀರನ್ನು ಹೀರಿಕೊಳ್ಳುತ್ತದೆ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದ ವೈದ್ಯರು ಇದನ್ನು ರೋಗಿಗಳ ಮೇಲೆ ತೋರಿಸಿಕೊಟ್ಟಿದ್ದರು. 1971ರಲ್ಲಿ ಗಡಿಯ ಈಚೆ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಇದೇ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಕಡೆಯವರ ಕೈಯಿಂದಲೇ ಕುಡಿಸಿದರು. ಶೇ 30ರ ಹತ್ತಿರ ಇದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಭಾರತ ಸರ್ಕಾರ ಪದ್ಮವಿಭೂಷಣ ಕೊಟ್ಟಿತು.

ಮದ್ದು ಗೊತ್ತಿದ್ದರೂ ಅದರ ಪೊಟ್ಟಣ ಹಳ್ಳಿ ತಲುಪುತ್ತಿರಲಿಲ್ಲ. ರಸ್ತೆ ಇಲ್ಲದ, ಆರು ತಿಂಗಳು ನೀರಿನಲ್ಲಿ ನಿಲ್ಲುವ ಊರಿಗೆ ಯಾರು ಒಯ್ಯಬೇಕು? ಬ್ರ್ಯಾಕ್ ಕಂಡುಕೊಂಡ ದಾರಿ ಅಡುಗೆಮನೆಯದು. ಮೂರು ಬೆರಳಲ್ಲಿ ಹಿಡಿದ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಮೂರೂ ಎಂಥ ಬಡವಿಯ ಮನೆಯಲ್ಲೂ ಸಿಗುವಂಥವು. 1979ರಲ್ಲಿ ಸುಲ್ಲಾದಲ್ಲಿ ಪ್ರಯೋಗ ನಡೆಯಿತು. 1980ರಿಂದ ಹೆಣ್ಣುಮಕ್ಕಳ ತಂಡಗಳು ಊರಿಂದೂರಿಗೆ ಬಿಡಾರ ಹೂಡುತ್ತ, ಮನೆಮನೆಯ ಜಗಲಿಯಲ್ಲಿ ಕೂತು ತಾಯಂದಿರಿಗೆ ಇದನ್ನು ಕಲಿಸುತ್ತ ಹೊರಟವು. ಆಕ್ಸ್‌ಫ್ಯಾಮ್, ಸ್ವಿಟ್ಜರ್ಲೆಂಡ್, ಸ್ವೀಡನ್ನಿನ ನೆರವಿನ ಹಣ ಇದರ ಬೆನ್ನಿಗಿತ್ತು.

ಕಲಿಸುವ ಕ್ರಮ ನೋಡಿ. ಮನೆಯಲ್ಲಿ ಯಾವ ಪಾತ್ರೆ ಇದೆಯೋ ಅದನ್ನೇ ತರಿಸಿ, ಅರ್ಧ ಸೇರು ನೀರು ಅಳೆದು ಸುರಿದು, ಮಟ್ಟ ಎಲ್ಲಿಗೆ ಬಂತೋ ಅಲ್ಲಿ ಒಂದು ಗೆರೆ ಎಳೆದು ಕೊಡುತ್ತಿದ್ದರು. ಭೇದಿ ಎಂದರೇನು, ಎಷ್ಟು ಕುಡಿಸಬೇಕು, ಮಗುವಿಗೆ ಊಟ ನಿಲ್ಲಿಸಬಾರದು ಎಂಬಂಥ ಹತ್ತು ಮಾತು ಬಾಯಿಪಾಠ. ಆಮೇಲೆ ತಾಯಿಯೇ ಬೆರೆಸಿ ತೋರಿಸಬೇಕು. ಉಪ್ಪು ಹೆಚ್ಚಾದರೆ ಮಗುವಿಗೇ ಅಪಾಯ, ಹಾಗಾಗಿ ಅಂದಾಜಿನ ಕೆಲಸ ಅಲ್ಲಿ ನಡೆಯುವಂತಿರಲಿಲ್ಲ.

ಎಮ್ಮೆಯ ಹಲ್ಲು ನೋಡಿದ್ದು ಇದಾದ ಮೇಲೆ. ಕೆಲ ವಾರ ಕಳೆದು ಬೇರೆಯೇ ಸಿಬ್ಬಂದಿ, ಹೇಳದೆ ಕೇಳದೆ, ಕೆಲವು ಮನೆಗಳಿಗೆ ಹೋಗುತ್ತಿದ್ದರು. ಹತ್ತು ಮಾತು ನೆನಪಿದೆಯೇ ಎಂದು ಕೇಳುವರು. ದ್ರಾವಣ ಮಾಡಿಸುವರು. ಮಾಡಿದ್ದನ್ನು ಸೀಸೆಯಲ್ಲಿ ತುಂಬಿಕೊಂಡು ಪ್ರಯೋಗಾಲಯಕ್ಕೆ ಒಯ್ದು ಉಪ್ಪಿನ ಪ್ರಮಾಣ ಅಳೆಸುವರು. ತಾಯಿಯ ನೆನಪಿಗೆ ತಕ್ಕಂತೆ ಕಲಿಸಿದಾಕೆಗೆ ಸಂಬಳ. ಎಷ್ಟು ಮನೆ ಸುತ್ತಿದಳು ಎಂಬುದಕ್ಕೆ ಕಾಸಿಲ್ಲ, ತಾಯಿಗೆ ಎಷ್ಟು ಉಳಿಯಿತು ಎಂಬುದಕ್ಕೆ ಕಾಸು. ಮನೆ ಎಣಿಸಿ ವರದಿ ಕಳಿಸಿದ್ದರೆ ನೆರವು ಕೊಟ್ಟವರು ಒಪ್ಪುತ್ತಿರಲಿಲ್ಲವೇ? ಒಪ್ಪುತ್ತಿದ್ದರು. ಸಂಸ್ಥೆ ತನ್ನನ್ನು ತಾನೇ ಅದಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡಿತು.

ಹಿಡಿದುಕೊಂಡದ್ದರಿಂದಲೇ ಒಂದು ಕಹಿ ಸತ್ಯ ಹೊರಬಿತ್ತು. ತಾಯಂದಿರು ಪಾಠ ಒಪ್ಪಿಸುತ್ತಿದ್ದರು, ಮಗುವಿಗೆ ಭೇದಿಯಾದಾಗ ಕುಡಿಸುವವರು ಮಾತ್ರ ಕಡಿಮೆ. ಕಾರಣ ಹುಡುಕುತ್ತ ಹೋದಾಗ ಒಂದೊಂದೇ ಬಯಲಾಯಿತು. ಊರಿನವರು ಭೇದಿಯನ್ನು ನಾಲ್ಕು ಬಗೆಯಾಗಿ ಕಾಣುತ್ತಿದ್ದರು. ಹಾಲೂಡುವ ಕೂಸಿನದು ಒಂದು, ಅಜೀರ್ಣದ್ದು ಒಂದು, ಆಮಶಂಕೆ ಒಂದು, ನೀರಿನಂತೆ ಹೋಗುವ ಜೋರಿನದು ಒಂದು. ಈ ಬೆಲ್ಲದ ನೀರು ಕೊನೆಯದಕ್ಕೆ ಮಾತ್ರ ಎಂದು ಅವರ ಎಣಿಕೆ. ಊರ ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ಗುಳಿಗೆ, ಸೂಜಿ ಇಲ್ಲದ ಮದ್ದು ಮದ್ದೇ ಎಂದು ಅವರು ಮೂಗು ಮುರಿಯುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಕಲಿಸುವ ಹುಡುಗಿಯರಿಗೇ ಇದರಲ್ಲಿ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಅವರೂ ಗುಳಿಗೆ ನುಂಗುತ್ತಿದ್ದರು. ಸಂಸ್ಥೆ ಅವರನ್ನು ಢಾಕಾದ ಕಾಲರಾ ಆಸ್ಪತ್ರೆಗೆ ಕರೆದೊಯ್ದು, ಬಾಡಿ ಬಿದ್ದ ರೋಗಿಗಳು ಎದ್ದು ಕೂರುವುದನ್ನು ಕಣ್ಣಾರೆ ತೋರಿಸಿತು. ಸಂತೆಯಲ್ಲಿ, ಮಸೀದಿಯಲ್ಲಿ, ಶಾಲೆಯಲ್ಲಿ ಗಂಡಸರನ್ನು ಕೂರಿಸಿ ವಿಷಯ ತಿಳಿಸಿತು. ಆಮೇಲೆ ಬಳಕೆ ಏರಿತು. 1990ರ ಹೊತ್ತಿಗೆ ಈ ಪಾಠ 1.2 ಕೋಟಿಗೂ ಹೆಚ್ಚು ಮನೆಗಳನ್ನು ಮುಟ್ಟಿತ್ತು.

ಶಾಲೆಗಳೂ ಇದರ ಬೆನ್ನಿಗೇ ಬಂದವು. ಮಕ್ಕಳ ಜೀವ ಉಳಿಸಲು ಕಲಿಸಿದಿರಿ, ಮಕ್ಕಳಿಗೆ ಓದು ಯಾರು ಕಲಿಸಬೇಕು ಎಂದು ಹಳ್ಳಿಯ ಹೆಂಗಸರು ಕೇಳಿದರು. 1985ರಲ್ಲಿ 22 ಶಾಲೆ ತೆರೆದವು. ಒಂದೇ ಕೋಣೆ, ಸುಮಾರು ಮೂವತ್ತು ಮಕ್ಕಳು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಒಂಬತ್ತು ಹತ್ತನೇ ತರಗತಿ ಓದಿದ ಅದೇ ಊರಿನ ಸೊಸೆ ಟೀಚರು. ದಿನಕ್ಕೆ ಮೂರು ಗಂಟೆಯ ಆಸುಪಾಸು ಪಾಠ, ಹೊತ್ತು ಗೊತ್ತು ಮಾಡುವವರು ತಂದೆತಾಯಿ. ಕೊಯ್ಲಿನ ಕಾಲಕ್ಕೆ ಅದೂ ಬದಲಾಗುತ್ತಿತ್ತು. ಈ ಶಾಲೆಗಳ ಸಂಖ್ಯೆ ಮುಂದೆ ಮೂವತ್ತು ಸಾವಿರ ದಾಟಿತು. ನೆರವು ಪಡೆದು ಬೆಳೆದ ಬ್ರ್ಯಾಕ್ 2002ರಲ್ಲಿ ಅಫ್ಘಾನಿಸ್ತಾನಕ್ಕೆ, 2006ರಲ್ಲಿ ಉಗಾಂಡಾ, ತಾಂಜಾನಿಯಾಗಳಿಗೆ ತಾನೇ ಕೆಲಸಕ್ಕೆ ಹೋಯಿತು.

ಹೊರಗಿನ ದುಡ್ಡಿಗೆ ಆಯುಷ್ಯ ಕಡಿಮೆ ಎಂಬುದನ್ನೂ ಇದೇ ಕಥೆ ತೋರಿಸುತ್ತದೆ. ನೆರವು ಇಳಿದಂತೆ ಬ್ರ್ಯಾಕ್‌ನ ಉಚಿತ ಶಾಲೆಗಳ ಸಂಖ್ಯೆಯೂ ಇಳಿಯಿತು. 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ಏಕಾಏಕಿ ತಡೆದಾಗ, ಢಾಕಾದ ಅದೇ ಕಾಲರಾ ಸಂಶೋಧನಾ ಸಂಸ್ಥೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ವರ್ಷ ವರ್ಷ ಸಂಬಳ ಬೇಡುವ ಕೆಲಸಕ್ಕೆ ಪರದೇಶದ ಹಂಗು ಯಾವತ್ತೂ ಕತ್ತಿಯ ಅಲಗು. ತಾಯಂದಿರು ಕಲಿತದ್ದನ್ನು ಮಾತ್ರ ಯಾವ ಸರ್ಕಾರವೂ ವಾಪಸು ಪಡೆಯುವಂತಿಲ್ಲ. ಬಾಂಗ್ಲಾದಲ್ಲಿ ಇಂದು ಐದು ವರ್ಷದೊಳಗಿನ ಮಕ್ಕಳ ಸಾವು ಸಾವಿರಕ್ಕೆ ಮೂವತ್ತರ ಆಸುಪಾಸು. ಲಸಿಕೆ, ಹೆಣ್ಣುಮಕ್ಕಳ ಓದು, ಹೊಟ್ಟೆಗೆ ಅನ್ನ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಉಪ್ಪು ಬೆಲ್ಲದ ಪಾಲೂ ಸಣ್ಣದಲ್ಲ.

ಹಾಗೆಂದು ಕೊಟ್ಟ ಪ್ರತಿ ಕಾಸಿಗೂ ಕಂತೆಗಟ್ಟಲೆ ಫಾರಂ ತುಂಬಿಸುವುದು ಹಲ್ಲು ನೋಡುವ ಕ್ರಮವಲ್ಲ. ಎರಡು ಲಕ್ಷ ರೂಪಾಯಿಯ ನೆರವಿಗೆ ಇಪ್ಪತ್ತು ಪುಟದ ಇಂಗ್ಲಿಷ್ ವರದಿ ಬರೆಯಲು ಕೂತ ಹಳ್ಳಿಯ ಕಾರ್ಯಕರ್ತೆ ಆ ವಾರ ಊರಿನ ಕಡೆ ತಲೆ ಹಾಕುವುದಿಲ್ಲ. ವರದಿಯಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ, ಚೆನ್ನಾಗಿಲ್ಲ ಎಂದು ಬರೆದರೆ ಮುಂದಿನ ಕಂತು ಬರಲಾರದು ಎಂಬ ಭಯ. ಬ್ರ್ಯಾಕ್‌ಗೆ ನೆರವು ಕೊಟ್ಟವರ ದೊಡ್ಡತನ ಇರುವುದು ಇಲ್ಲಿ. ಕೆಲಸ ಎಡವಿದಾಗ ಅವರು ಕೈ ಬಿಡಲಿಲ್ಲ. ತಿದ್ದಿಕೊಳ್ಳುವುದಕ್ಕೂ ದುಡ್ಡು ಕೊಟ್ಟರು.

ಕರ್ನಾಟಕದಿಂದ ಹೊರಗೆ ಹೋಗಿ ನೆಲೆ ನಿಂತವರು ಇಂದು ಊರ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ ಧಾರಾಳವಾಗಿ ಕೊಡುತ್ತಿದ್ದಾರೆ. ತಾಲ್ಲೂಕು ಕೇಂದ್ರಗಳ ರೋಟರಿ ಕ್ಲಬ್ಬುಗಳು ಬೇರೆ ದೇಶದ ಕ್ಲಬ್ಬುಗಳ ಜೊತೆ ಕೈಜೋಡಿಸಿ ಡಯಾಲಿಸಿಸ್ ಯಂತ್ರ, ಶಾಲೆಗೆ ಶೌಚಾಲಯ ಮಾಡಿಸಿಕೊಡುತ್ತಿವೆ. ಒಳ್ಳೆಯದೇ. ಕೊಡುವವರಲ್ಲಿ ಒಂದು ವಿನಂತಿ. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಖರ್ಚನ್ನು ಉಳಿಸಿ. ಹತ್ತು ರೂಪಾಯಿ ಕೊಡುವಾಗ ಒಂಬತ್ತನ್ನು ಕೆಲಸಕ್ಕೆ ಕೊಡಿ. ಉಳಿದ ಒಂದನ್ನು, ವರ್ಷ ಕಳೆದ ಮೇಲೆ ಹೇಳದೆ ಕೇಳದೆ ಆ ಊರಿಗೆ ಹೋಗಿ ನೋಡುವುದಕ್ಕೆ ಎತ್ತಿಡಿ. ಹೋದಾಗ ಅಧ್ಯಕ್ಷರನ್ನು, ಮುಖ್ಯೋಪಾಧ್ಯಾಯರನ್ನು ಆಮೇಲೆ ಕಾಣಬಹುದು. ಮೊದಲು ಆ ಶೌಚಾಲಯ ಬಳಸುವ ಹುಡುಗಿಯನ್ನು, ಆ ಯಂತ್ರದ ಮುಂದೆ ಕಾಯುವ ರೋಗಿಯನ್ನು ಮಾತನಾಡಿಸಿ. ಬೀಗ ಜಡಿದಿದ್ದರೆ ಬೇಸರ ಬೇಡ, ಯಾಕೆಂದು ಕೇಳಿ ತಿಳಿದುಕೊಳ್ಳಿ. ಆ ಉತ್ತರ ಸಿಕ್ಕ ಮೇಲೆ ಕೊಡುವ ಎರಡನೇ ಕಂತು ಮೊದಲನೆಯದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.