ಅಟ್ಟದ ಕಾಯಿ, ನೆಲದಡಿಯ ನೀರು

ಕೊಬ್ಬರಿ ಮಾಡುವವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಲಿತ ಕಾಯಿ ಕೆಡವಿ, ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪು ಬಿಡುವ ಹೊತ್ತಿಗೆ ಹತ್ತು ಹನ್ನೊಂದು ತಿಂಗಳು ಕಳೆದಿರುತ್ತದೆ. ಒಡೆದು ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ. ಆದರೆ ಅದು ಎಣ್ಣೆಗೆ ಹೋಗುವ ಹೋಳು, ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಅಲ್ಲ. ಅದಕ್ಕೂ ಹಿಂದೆ, ಸಸಿ ನೆಟ್ಟವರು ಮೊದಲ ಹೊಂಬಾಳೆ ನೋಡಲು ಆರೇಳು ವರ್ಷ ಕಾದಿರುತ್ತಾರೆ. ಮರ ಅರವತ್ತು ಎಪ್ಪತ್ತು ವರ್ಷ ಬಾಳುತ್ತದೆ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೀಳಿಸುವುದು ನಮ್ಮಲ್ಲಿ ವಿಶೇಷವೇನಲ್ಲ. ದರ ಬಿದ್ದರೆ ಕಾಯಿ ಅಟ್ಟದಲ್ಲೇ ಇರುತ್ತದೆ. 2023ರಲ್ಲಿ ಕೊಬ್ಬರಿ ಕ್ವಿಂಟಲಿಗೆ 9,000 ರೂಪಾಯಿಗಿಂತ ಕೆಳಗಿಳಿದಾಗ ಸಾಲದ ಒತ್ತಡವಿಲ್ಲದವರು ಆದಷ್ಟು ತಡೆದುಕೊಂಡರು. 2025ರಲ್ಲಿ ದರ 25,000 ದಾಟಿದ್ದನ್ನೂ ಇದೇ ಜನ ನೋಡಿದರು.

ಈ ಸೀಮೆಯವನಾದ ನಾನು ಮೀನುಗಾರಿಕೆಯ ಅರ್ಥಶಾಸ್ತ್ರದ ವಿಚಾರಸಂಕಿರಣವೊಂದಕ್ಕೆ ಮಂಗಳೂರಿಗೆ ಹೋಗಿದ್ದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೀನು ಒಲೆಯ ಹತ್ತಿರ ಬರುವುದಿಲ್ಲ. ಊರ ಕೆರೆಯಲ್ಲಿ ಮೀನಿದೆ ಎಂಬುದು ನೆನಪಾಗುವುದೇ ಗುತ್ತಿಗೆದಾರರ ಹರಿಗೋಲು ಕಂಡಾಗ. ಆದರೆ ಅರ್ಥಶಾಸ್ತ್ರ ಪಾಠ ಹೇಳುವ ನನಗೆ ಈ ಶಾಖೆಯ ಮೇಲೆ ಮೊದಲಿನಿಂದಲೂ ಗೌರವ. ಯಾರೊಬ್ಬರದೂ ಅಲ್ಲದ, ಎಲ್ಲರೂ ಕೈಹಾಕಬಹುದಾದ ಸಂಪತ್ತಿಗೆ ಏನಾಗುತ್ತದೆ ಎಂಬುದನ್ನು ಈ ಶಾಸ್ತ್ರ ಮೀನನ್ನು ನೋಡಿಯೇ ಕಲಿಯಿತು. ಡೆನ್ಮಾರ್ಕಿನ ಯೆನ್ಸ್ ವಾರ್ಮಿಂಗ್ 1911ರಲ್ಲೇ ಇದನ್ನು ಬರೆದಿದ್ದರು. ಡೇನಿಷ್ ಭಾಷೆಯಲ್ಲಿದ್ದುದರಿಂದ ಹೊರಗೆ ಹೆಚ್ಚು ಜನ ಓದಲಿಲ್ಲ. ಕೆನಡಾದ ಸ್ಕಾಟ್ ಗಾರ್ಡನ್ 1954ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಅದು ಎಲ್ಲರ ಪಾಠವಾಯಿತು.

ಗಾರ್ಡನ್ ಎತ್ತಿಕೊಂಡ ಪ್ರಶ್ನೆ ಇದು: ಕಡಲು ಇಷ್ಟು ಸಿರಿವಂತವಾಗಿದ್ದೂ ಮೀನು ಹಿಡಿಯುವವನು ಯಾಕೆ ಬಡವ? ಸೋಮಾರಿತನ, ಕುಡಿತ, ಅಜ್ಞಾನ ಅಂತ ಊರವರು ಹೇಳುವ ಯಾವ ಕಾರಣವನ್ನೂ ಅವರು ಹಿಡಿಯಲಿಲ್ಲ. ಕಡಲಿಗೆ ಬೇಲಿಯಿಲ್ಲ. ಲಾಭವಿದೆ ಎಂದು ತಿಳಿದೊಡನೆ ಇನ್ನೊಂದು ದೋಣಿ ಇಳಿಯುತ್ತದೆ, ಆಮೇಲೆ ಮತ್ತೊಂದು. ಪ್ರತಿಯೊಂದು ದೋಣಿಯೂ ಉಳಿದವರ ಬಲೆಗೆ ಬೀಳಬೇಕಾದದ್ದನ್ನು ಒಂದಿಷ್ಟು ಕಡಿಮೆ ಮಾಡುತ್ತದೆ, ಆದರೆ ಆ ನಷ್ಟ ಯಾರ ಲೆಕ್ಕದ ಪುಸ್ತಕಕ್ಕೂ ಬರುವುದಿಲ್ಲ. ಹಿಡಿದ ಮೀನಿನ ಬೆಲೆ ಹಿಡಿಯುವ ಖರ್ಚಿಗೆ ಸರಿಹೋಗುವವರೆಗೆ ಇದು ನಡೆದೇ ನಡೆಯುತ್ತದೆ. ಕಡಲು ಪುಕ್ಕಟೆ ಕೊಡುತ್ತಿದ್ದ ಸಿರಿ ಡೀಸೆಲ್ಲಿಗೆ, ಎಂಜಿನ್ನಿಗೆ, ಬಲೆಗೆ, ಬಡ್ಡಿಗೆ ಸಂದುಹೋಗುತ್ತದೆ. ಮೀನೂ ಉಳಿಯುವುದಿಲ್ಲ, ಹಿಡಿದವನ ಕೈಯಲ್ಲಿ ಕಾಸೂ ಉಳಿಯುವುದಿಲ್ಲ.

ಕರಾವಳಿಯವರಿಗೆ ಇದು ಕಂಡುಂಡ ಸಂಗತಿ. ರಂಪಣಿಯ ಕಾಲದಲ್ಲಿ ದಡದಿಂದ ಬೀಸಿದ ಉದ್ದನೆಯ ಬಲೆಯನ್ನು ಹತ್ತಾರು ಜನ ಸೇರಿ ಎಳೆದು, ಬಂದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಬೂತಾಯಿ, ಬಂಗುಡೆಯ ಹಿಂಡು ದಡ ಮುಟ್ಟುವ ಮೊದಲೇ ನಡುಗಡಲಿನಲ್ಲಿ ಸುತ್ತುವರಿದು ಎತ್ತುವ ಬಲೆ ಅದು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದಕ್ಕೆ ಬಲೆಯೊಂದನ್ನೇ ದೂರಲಾಗದು, ಕಡಲಿನ ಬಿಸುಪು ಏರಿಳಿದಂತೆ ಬೂತಾಯಿಯೂ ಏರಿಳಿಯುತ್ತದೆ. ಆದರೆ ಮೀನು ಕಡಿಮೆಯಾದ ವರ್ಷವೂ ಯಾವ ದೋಣಿಯೂ ತಾನಾಗಿ ದಕ್ಕೆಯಲ್ಲಿ ನಿಲ್ಲುವುದಿಲ್ಲ ಎಂಬುದು ಉಳಿದೇ ಇದೆ. ಸಂಕಿರಣದ ಚರ್ಚೆಯ ಹೊತ್ತಿನಲ್ಲಿ ದೋಣಿಯವರೊಬ್ಬರು ಎದ್ದು ಕೇಳಿದ್ದು ಅದನ್ನೇ: “ನಾನು ಬಿಟ್ಟೆ ಅಂತ ಇಡಿ ಮಾರಾಯ್ರೇ, ಆಚೆ ಬೋಟಿನವರು ಬಿಡ್ಲಿಕ್ಕುಂಟಾ?”

ಈ ಮಾತನ್ನು ನಾನು ಮೊದಲೇ ಕೇಳಿದ್ದೆ, ಕಡಲಿನಿಂದ ಬಹುದೂರದಲ್ಲಿ. “ನಾನು ನಿಲ್ಸಿದ್ರೆ ಪಕ್ಕದ ತೋಟದೋನು ನಿಲ್ಲಿಸ್ತಾನೇನಣ್ಣ?” ಎಂದು ನಮ್ಮೂರಿನವರು ಕೇಳುವುದು ಬೋರು ಕೊರೆಸುವಾಗ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟದಲ್ಲಿ ನಡೆಯುವವರು ಬಂದು, ಕಾಯಿ ಎದ್ದು ನಿಂತ ಕಡೆ ಪಾಯಿಂಟ್ ಗುರುತು ಮಾಡುತ್ತಾರೆ. ರಾತ್ರಿ ತಿರುಚೆಂಗೋಡಿನ ರಿಗ್ ಲಾರಿ ಬಂದು ನಿಲ್ಲುತ್ತದೆ. ಒಂದು ಕಾಲಕ್ಕೆ ಇನ್ನೂರು ಅಡಿಗೆ ಎರಡಿಂಚು ನೀರು ಬಂದ ಜಾಗದಲ್ಲಿ ಈಗ ಸಾವಿರ ಅಡಿಗೆ ಬರೀ ಧೂಳು ಏಳುವುದುಂಟು. ಒಬ್ಬರು ಆಳಕ್ಕೆ ಹೋದರೆ ಅಕ್ಕಪಕ್ಕದವರ ಬೋರು ಬತ್ತುತ್ತದೆ, ಅವರು ಇನ್ನೂ ಆಳಕ್ಕೆ ಹೋಗುತ್ತಾರೆ. ಹತ್ತು ಎಚ್‌ಪಿವರೆಗಿನ ಪಂಪಿಗೆ 2008ರಿಂದ ಕರೆಂಟು ಉಚಿತ. ಆದ್ದರಿಂದ ಎತ್ತುವ ಖರ್ಚು ಕಾಣಿಸುವುದಿಲ್ಲ, ಕೊರೆಯುವ ಖರ್ಚು ಮಾತ್ರ ಸಾಲದ ಚೀಟಿಯಲ್ಲಿ ಕಾಣುತ್ತದೆ. ನೆಲದಡಿಯ ನೀರು ಕೊಟ್ಟ ಸಿರಿಯೆಲ್ಲ ರಿಗ್ಗಿಗೆ, ಕೇಸಿಂಗಿಗೆ, ಕೇಬಲ್ಲಿಗೆ ಹೋಯಿತು. ಮೀನಿನ ಬೆಲೆಗೂ ಹಿಡಿಯುವ ಖರ್ಚಿಗೂ ಗಾರ್ಡನ್ ಎಳೆದ ಎರಡು ರೇಖೆಗಳನ್ನು ಸಂಕಿರಣದ ಪರದೆಯ ಮೇಲೆ ನೋಡುತ್ತಿದ್ದಾಗ ನನಗೆ ಅವುಗಳ ಕೆಳಗೆ ಬರೆದ ‘ದೋಣಿ’, ‘ಮೀನು’ ಎಂಬ ಪದಗಳನ್ನು ಬದಲಿಸಬೇಕೆನ್ನಿಸಿತು, ಅಷ್ಟೆ.

ನನ್ನನ್ನು ಕಾಡಿದ್ದು ಈ ಹೋಲಿಕೆಗಿಂತ ಹೆಚ್ಚಾಗಿ, ಇದರಲ್ಲಿರುವ ಮನುಷ್ಯ. ನೆಲದ ಮೇಲೆ ಇಷ್ಟು ತಾಳ್ಮೆಯವನು ನೆಲದ ಕೆಳಗೆ ಇಷ್ಟು ಅವಸರದವನು ಹೇಗಾದ? ಅಟ್ಟದ ಮೇಲೆ ಕಾಯಿಯನ್ನು ಹನ್ನೊಂದು ತಿಂಗಳು ಕಾಯುವವನೂ ಅವನೇ, ಬೋರಿನ ನೀರನ್ನು ರಾತ್ರಿಯಿಡೀ ಎತ್ತುವವನೂ ಅವನೇ. ಸ್ವಭಾವ ಬದಲಾಗಿಲ್ಲ, ಮನೆಯೂ ತೋಟವೂ ಬದಲಾಗಿಲ್ಲ. ಅಟ್ಟದ ಕಾಯಿ ನಾಳೆಯೂ ತನ್ನದೇ ಎಂದು ಅವನಿಗೆ ಗೊತ್ತು. ನೆಲದಡಿಯ ನೀರಿನ ಬಗ್ಗೆ ಆ ಭರವಸೆ ಇಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯ ಕಾಲದಿಂದ ತನ್ನ ಜಮೀನಿನಡಿ ಸಿಕ್ಕ ನೀರನ್ನು ಎಷ್ಟು ಬೇಕಾದರೂ ಎತ್ತುವ ಹಕ್ಕು ಭೂಮಾಲೀಕನಿಗಿದೆ. ಎತ್ತಿದ್ದು ಅವನದು; ಎತ್ತದೆ ಬಿಟ್ಟದ್ದು ಯಾರದೂ ಅಲ್ಲ. 2011ರಲ್ಲಿ ರಾಜ್ಯ ತಂದ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯುವ ಮುಂಚೆ ಅನುಮತಿ ಪಡೆಯಬೇಕೆನ್ನುತ್ತದೆ, ಆದರೆ ಬಿಟ್ಟವನ ಪಾಲನ್ನು ಕಾಯುವ ಕೆಲಸ ಅನುಮತಿಪತ್ರದಿಂದ ಆಗುವಂಥದ್ದಲ್ಲ. ನಾವು ದುರಾಸೆ ಎಂದು ಕರೆಯುವುದರಲ್ಲಿ ಬಹುಪಾಲು ಈ ಭರವಸೆ ಇಲ್ಲದ್ದರ ಫಲ ಎಂದು ನನಗೆ ಅನ್ನಿಸುತ್ತದೆ. ದುಡಿಯುವ ಜನರನ್ನು ದುರಾಸೆಯವರು ಎಂದು ಬೈಯುವ ಮೊದಲು ಇದನ್ನು ಯೋಚಿಸುವುದು ನ್ಯಾಯ.

ಹಾಗಾದರೆ ಎಲ್ಲಕ್ಕೂ ಒಡೆಯರನ್ನು ಗೊತ್ತುಮಾಡಿದರೆ ಸಾಕೇ? ಸಂಕಿರಣದಲ್ಲಿ ಇದನ್ನು ಬಲವಾಗಿ ವಾದಿಸಿದವರಿದ್ದರು. ಮೀನಿಗೆ ಕೋಟಾ ಕೊಡಿ, ಕೋಟಾ ಮಾರಲು ಬಿಡಿ, ಒಡೆತನವಿದ್ದ ಕಡೆ ತಾಳ್ಮೆ ಬರುತ್ತದೆ ಎಂದರು. ನನಗೆ ಕಾಲಿನ್ ಕ್ಲಾರ್ಕ್ ನೆನಪಾದರು. ಗಣಿತಜ್ಞರಾದ ಅವರು 1973ರಲ್ಲಿ ತಿಮಿಂಗಿಲಗಳ ಲೆಕ್ಕ ಹಾಕಿ ಒಂದು ಕಠೋರ ಸತ್ಯ ತೋರಿಸಿದ್ದರು. ಕಡಲಿನ ಎಲ್ಲ ತಿಮಿಂಗಿಲಗಳಿಗೂ ಒಬ್ಬನೇ ಒಡೆಯನಿದ್ದಾನೆ ಎಂದುಕೊಳ್ಳೋಣ. ತಿಮಿಂಗಿಲಗಳು ಬೆಳೆಯುವ ವೇಗಕ್ಕಿಂತ ಬಡ್ಡಿ ಬೆಳೆಯುವ ವೇಗ ಹೆಚ್ಚಾಗಿದ್ದರೆ, ಅವನ್ನೆಲ್ಲ ಕೊಂದು ಹಣವನ್ನು ಬ್ಯಾಂಕಿನಲ್ಲಿಡುವುದೇ ಆ ಒಡೆಯನಿಗೆ ಲಾಭವಾಗಬಹುದು. ಬೇಲಿ ಅವನದೇ, ಕಳ್ಳರ ಭಯವಿಲ್ಲ, ಆದರೂ ಉಳಿಸಲು ಕಾರಣವಿಲ್ಲ. ತಿಪಟೂರಿನ ಹೆದ್ದಾರಿಯ ಬದಿಗೆ ಫಲ ಕೊಡುವ ಮರಗಳನ್ನು ಉರುಳಿಸಿ ಸೈಟು ಮಾಡಿದ ತೋಟಗಳನ್ನು ನೋಡಿದವರಿಗೆ ಕ್ಲಾರ್ಕ್ ಹೇಳಿದ್ದು ತಕ್ಷಣ ಅರ್ಥವಾಗುತ್ತದೆ. ಆ ತೋಟಗಳಿಗೆ ಪಹಣಿಯಲ್ಲಿ ಒಡೆಯರ ಹೆಸರು ಸ್ಪಷ್ಟವಾಗಿಯೇ ಇತ್ತು.

ಇಷ್ಟಾದರೂ ನಮ್ಮ ಕಡೆ ಎಪ್ಪತ್ತರ ಮುದುಕರು ಸಸಿ ನೆಡುತ್ತಲೇ ಇದ್ದಾರೆ. 2016–17ರ ಬರದಲ್ಲಿ ಅರಸೀಕೆರೆಯಿಂದ ಚಿಕ್ಕನಾಯಕನಹಳ್ಳಿವರೆಗೆ ಸುಳಿ ಒಣಗಿ ಸತ್ತ ಮರಗಳ ಜಾಗದಲ್ಲಿ ಹೊಸ ಗುಂಡಿ ತೆಗೆಸಿ, ಗೊಬ್ಬರ ತುಂಬಿಸಿ ನೆಟ್ಟಿದ್ದಾರೆ. ಯಾವ ಬಡ್ಡಿ ಲೆಕ್ಕದಲ್ಲೂ ಇದು ಹೊಂದುವುದಿಲ್ಲ. ಫಲದ ಬಹುಪಾಲು ತಾವು ಹೋದ ಮೇಲೆ ಬರುತ್ತದೆ ಎಂದು ಅವರಿಗೆ ತಿಳಿದಿದೆ. ಇಲ್ಲಿ ಒಡೆತನಕ್ಕಿಂತ ಹಿಂದಿನದೊಂದು ಕೆಲಸ ಮಾಡುತ್ತಿದೆ: ಮುಂದೆ ಉಣ್ಣುವವರು ತಮ್ಮವರು ಎಂಬ ಎಣಿಕೆ. ಮೊಮ್ಮಗ ತಿಂದರೆ ತಾನು ತಿಂದಂತೆ. ನಾಳೆಯ ಫಲವನ್ನು ಇಂದಿಗೆ ತಂದು ಅಳೆಯುವಾಗ ಎಷ್ಟು ಮುರಿದುಕೊಳ್ಳಬೇಕು ಎಂಬ ದರವನ್ನು ನಾವು ಪಾಠದಲ್ಲಿ ಬ್ಯಾಂಕಿನಿಂದ ತೆಗೆದುಕೊಳ್ಳುತ್ತೇವೆ. ಮುದುಕರು ಅದನ್ನು ಕರುಳಿನಿಂದ ತೆಗೆದುಕೊಂಡಿದ್ದಾರೆ. ಕಷ್ಟ ಇರುವುದು ಇಲ್ಲೇ. ಆ ಕರುಳು ಬದುವಿನ ಹತ್ತಿರ ನಿಂತುಬಿಡುತ್ತದೆ, ನೀರು ಬದುವನ್ನು ಲೆಕ್ಕಿಸದೆ ಹರಿಯುತ್ತದೆ. ತನ್ನ ಮೊಮ್ಮಗನಿಗೆಂದು ನೆಟ್ಟ ಸಸಿಯನ್ನು ಬದುಕಿಸಲು ಪಕ್ಕದವನ ಮೊಮ್ಮಗನ ನೀರನ್ನು ಎತ್ತಬೇಕಾಗಿದೆ. ಪ್ರೀತಿಯಿಂದಲೇ ಆಗುವ ಈ ಅನ್ಯಾಯಕ್ಕೆ ನನ್ನ ಶಾಸ್ತ್ರದಲ್ಲಿ ಸರಿಯಾದ ಹೆಸರಿಲ್ಲ.

ಕರುಳನ್ನು ಬದುವಿನಾಚೆಗೆ ಚಾಚುವುದು ಉಪದೇಶದಿಂದ ಆಗದು. ಆದರೆ ಒಟ್ಟಿಗೆ ನಿಲ್ಲುವ ಏರ್ಪಾಡುಗಳನ್ನು ಜನ ಮಾಡಿಕೊಂಡಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ದಿನಗಳಲ್ಲಿ ಮೀನು ಬಿಡುವುದಕ್ಕೆ ಯಾರೂ ತ್ಯಾಗಿಯಾಗಬೇಕಿಲ್ಲ. ಎಲ್ಲರೂ ದಡದಲ್ಲಿರುವಾಗ ಬಿಟ್ಟದ್ದನ್ನು ಇನ್ನೊಬ್ಬ ಬಾಚಿಕೊಳ್ಳುವ ಭಯವಿಲ್ಲ. ಎಲಿನಾರ್ ಆಸ್ಟ್ರಮ್ ತಮ್ಮ 1990ರ ಪುಸ್ತಕದಲ್ಲಿ ಟರ್ಕಿಯ ಅಲಾನ್ಯಾ ಎಂಬ ಊರಿನ ಮೀನುಗಾರರ ವಿಷಯ ಬರೆದಿದ್ದಾರೆ. ಅವರು ಬಲೆ ಹಾಕುವ ಜಾಗಗಳಿಗೆಲ್ಲ ಹೆಸರಿಟ್ಟು ಪಟ್ಟಿ ಮಾಡಿದರು. ಪ್ರತಿ ಸೆಪ್ಟೆಂಬರಿನಲ್ಲಿ ಚೀಟಿ ಎತ್ತುತ್ತಾರೆ. ಆಮೇಲೆ ಪ್ರತಿಯೊಬ್ಬನೂ ದಿನಕ್ಕೊಂದು ಜಾಗದಂತೆ ಜನವರಿವರೆಗೆ ಪೂರ್ವಕ್ಕೆ, ಅಲ್ಲಿಂದ ಮೇವರೆಗೆ ಪಶ್ಚಿಮಕ್ಕೆ ಸರಿಯುತ್ತ ಹೋಗುತ್ತಾನೆ. ಒಳ್ಳೆಯ ಜಾಗ ಎಲ್ಲರಿಗೂ ಸರದಿಯಲ್ಲಿ ಸಿಗುತ್ತದೆ. ಇದನ್ನು ಕಾಯಲು ಪೊಲೀಸರು ಬೇಡ. ಇವತ್ತು ಯಾರ ಸರದಿಯೋ ಅವನೇ ತನ್ನ ಜಾಗ ಕಾಯುತ್ತಾನೆ. 2009ರಲ್ಲಿ ನೊಬೆಲ್ ಪಡೆದ ಈಕೆ 1965ರಲ್ಲಿ ಪೂರೈಸಿದ ಡಾಕ್ಟರೇಟಿಗೆ ಆರಿಸಿಕೊಂಡಿದ್ದ ವಿಷಯ ಲಾಸ್ ಏಂಜಲೀಸ್ ಸುತ್ತಲಿನ ಅಂತರ್ಜಲ. ಮೀನಿನಿಂದ ನೆಲದಡಿಯ ನೀರಿಗೆ ದಾಟಿದ್ದು ನನ್ನ ತಲೆಗೆ ಹೊಳೆದ ದಾರಿಯಲ್ಲ. ಅವರು ನೀರಿನಿಂದಲೇ ಮೀನಿನ ಕಡೆಗೆ ಬಂದಿದ್ದರು.

ನಮ್ಮ ಸೀಮೆಗೆ ಇಂಥದ್ದು ಹೊಸದಲ್ಲ. ನೀರುಗಂಟಿ ತೂಬು ಎತ್ತುತ್ತಿದ್ದ ಕಾಲದಲ್ಲಿ, ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಒಂದು ಭಾಗಕ್ಕಷ್ಟೇ ನೀರು ಬಿಟ್ಟು, ಆ ಭಾಗದಲ್ಲೇ ಎಲ್ಲರೂ ಪಾಲು ಮಾಡಿಕೊಂಡು ಬೆಳೆಯುವ ರೂಢಿ ಹಳೆಯ ಮೈಸೂರಿನ ಎಷ್ಟೋ ಕೆರೆಗಳಲ್ಲಿತ್ತು. ಈಗ ಗೋರೂರಿನ ಹೇಮಾವತಿ ನೀರು ಬಾಗೂರು–ನವಿಲೆ ಸುರಂಗ ದಾಟಿ ಬಂದು ಕೆರೆ ತುಂಬಿದರೆ, ಕೆಲವು ಊರುಗಳಲ್ಲಿ ತೂಬನ್ನೇ ಎತ್ತುವುದಿಲ್ಲ. ನೀರು ನಿಂತಷ್ಟೂ ಸುತ್ತಲಿನ ಬೋರುಗಳಿಗೆ ಇಂಗುತ್ತದೆ ಎಂಬ ತೀರ್ಮಾನ. ಇದೂ ಒಂದು ರೀತಿಯ ಕಾಯುವಿಕೆಯೇ, ನನಗೆ ಇದರಲ್ಲಿ ಭರವಸೆ ಕಾಣುತ್ತದೆ. ಆದರೆ ಪೂರ್ತಿ ಒಪ್ಪಲಾರೆ. ಕೆಳಗಿನ ಗದ್ದೆಯವನಿಗೆ ಕಾಲುವೆಯಲ್ಲಿ ಸಮನಾಗಿ ಸಿಗುತ್ತಿದ್ದ ಪಾಲು ಈಗ ಯಾರ ಬೋರು ಹೆಚ್ಚು ಆಳವೋ ಅವರಿಗೆ ಹೋಗುತ್ತದೆ. ಇದರಲ್ಲಿ ಯಾರೂ ಲೆಕ್ಕ ಹಾಕದೆ ಉಪಕಾರ ಪಡೆದವನು ಮೀನಿನ ಗುತ್ತಿಗೆದಾರ. ನೀರು ಬೇಸಿಗೆವರೆಗೆ ನಿಂತರೆ ಕಾಟ್ಲಾ, ರೋಹು ತೂಕಕ್ಕೆ ಬರುತ್ತವೆ. ಅವನ ಗುತ್ತಿಗೆ ಐದು ವರ್ಷದ್ದು. ಕೊನೆಯ ವರ್ಷ ಸಣ್ಣ ಕಣ್ಣಿನ ಬಲೆ ಇಳಿದು ಮರಿಯನ್ನೂ ಬಿಡದೆ ಬಾಚಿದರೆ, ಅದಕ್ಕೆ ಕಾರಣ ಈಗಾಗಲೇ ಹೇಳಿದ್ದೇ: ಬಿಟ್ಟದ್ದು ನಾಳೆಯೂ ತನ್ನದೆಂಬ ಭರವಸೆ ಇಲ್ಲ.

ಬೋರಿನ ನೀರಿಗೂ ಒಟ್ಟಿಗೆ ಕೂತು ಲೆಕ್ಕ ಹಾಕಿದವರಿದ್ದಾರೆ. ನಮ್ಮ ತುಮಕೂರು ಜಿಲ್ಲೆಯ ಗಡಿಯಾಚೆ, ಅನಂತಪುರವೂ ಸೇರಿ ಆಗಿನ ಆಂಧ್ರದ ಏಳು ಜಿಲ್ಲೆಗಳಲ್ಲಿ 2003ರಿಂದ ಕೆಲವು ವರ್ಷ ರೈತರೇ ತಮ್ಮ ಮಳೆ ಅಳೆದರು, ಬೋರಿನ ನೀರಿನ ಮಟ್ಟ ಅಳೆದರು. ಹಿಂಗಾರಿಗೆ ಮುಂಚೆ ಊರಿನವರೆಲ್ಲ ಕೂತು ನೆಲದಡಿ ಎಷ್ಟಿದೆ, ಯಾವ ಬೆಳೆ ಎಷ್ಟು ಕುಡಿಯುತ್ತದೆ ಎಂದು ಲೆಕ್ಕ ಹಾಕಿದರು. ಯಾರ ಮೇಲೂ ನಿರ್ಬಂಧ ಹಾಕಲಿಲ್ಲ. ಲೆಕ್ಕ ಎದುರಿಗಿದ್ದುದರಿಂದಲೇ ಬಹಳ ಜನ ಕಡಿಮೆ ನೀರಿನ ಬೆಳೆಗೆ ತಿರುಗಿದರು. ತೆಂಗಿನವರಿಗೆ ಆ ಅನುಕೂಲವಿಲ್ಲ, ಇದನ್ನು ಮರೆತು ಮಾತಾಡುವುದು ತಪ್ಪು. ಭತ್ತ ಬೇಡವೆಂದು ಈ ಹಿಂಗಾರಿಗೆ ಕಡಲೆ ಹಾಕಬಹುದು. ಮೂವತ್ತು ವರ್ಷದ ಮರಕ್ಕೆ ಈ ವರ್ಷ ನೀರಿಲ್ಲ ಎನ್ನಲಾಗದು. ನಮ್ಮಲ್ಲಿ ತೀರ್ಮಾನ ಮಾಡಬೇಕಾದ ಹೊತ್ತು ಸಸಿ ನೆಡುವ ಹೊತ್ತು, ಬೋರಿಗೆ ಪಾಯಿಂಟ್ ನೋಡುವ ಹೊತ್ತು. ಎಷ್ಟು ಮರಕ್ಕೆ ಈ ಕೆರೆಯ ಸುತ್ತಲಿನ ನೆಲ ನೀರು ಕೊಟ್ಟೀತು, ಹೊಸ ಬೋರು ಹಳೆಯದಕ್ಕೆ ಎಷ್ಟು ದೂರವಿರಬೇಕು ಎಂಬುದನ್ನು ಊರೇ ಕೂತು ಹೇಳಬೇಕು. ಅದಕ್ಕೆ ಮೊದಲು ಅಳತೆ ಬೇಕು. ಕೆರೆಗೆ ಎಷ್ಟು ಮೀನುಮರಿ ಬಿಟ್ಟರೆಂಬುದು ಮೀನುಗಾರಿಕೆ ಇಲಾಖೆಯ ಕಡತದಲ್ಲಿದೆ. ಆ ಕೆರೆಯ ಸುತ್ತ ಎಷ್ಟು ಬೋರು, ಎಷ್ಟು ಆಳ, ಯಾವುದು ಯಾವ ವರ್ಷ ಬತ್ತಿತು ಎಂಬುದನ್ನೂ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಯಬೇಕು. ನಮ್ಮ ಸೀಮೆಯ ಮಲ್ಲಾಘಟ್ಟ, ಈಚನೂರು ಕೆರೆಗಳು ತುಂಬಿ ನಿಂತ ವರ್ಷವೇ ಅದನ್ನು ಶುರುಮಾಡುವುದು ಒಳ್ಳೆಯದು. ಬರ ಬಂದ ಮೇಲೆ ಯಾರೂ ತಮ್ಮ ಬೋರಿನ ಆಳವನ್ನು ನಿಜವಾಗಿ ಹೇಳುವುದಿಲ್ಲ.