ಎರಡು ತಪ್ಪಿನ ಎತ್ತರ

ಮಕ್ಕಳಿಗೆ ಸ್ವಾತಂತ್ರ್ಯ ಕೊಡಬೇಕೆಂದು ನಾವೆಲ್ಲರೂ ಹೇಳುತ್ತೇವೆ. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಂತೂ ಈ ಮಾತು ತಪ್ಪುವುದಿಲ್ಲ. ಆದರೆ ಕೊಡುವುದೆಂದರೆ ಏನು, ಕೊಟ್ಟದ್ದನ್ನು ಯಾವಾಗ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂಬುದನ್ನು ಯಾವ ಭಾಷಣವೂ ಹೇಳುವುದಿಲ್ಲ. ನನಗೆ ಅದರ ಸುಳಿವು ಸಿಕ್ಕಿದ್ದು, ನಗಬೇಡಿ, ಒಂದು ಆಟದ ವಿಮಾನದಿಂದ.

ಆಟದ್ದು ಎಂದರೆ ನನ್ನ ತಮ್ಮನಿಗೆ ಸಿಟ್ಟು ಬರುತ್ತದೆ. ಭಾನುವಾರ ಬೆಳಿಗ್ಗೆ ಊರಾಚೆಯ ಬಯಲಿನಲ್ಲಿ ಅವನು ಹಾರಿಸುವುದು ರೇಡಿಯೋ ನಿಯಂತ್ರಣದ ಮಾದರಿ ವಿಮಾನ. ಥರ್ಮೋಕೋಲಿನಂಥ ಹಗುರವಾದ ಮೈ, ಮೂಗಿನ ತುದಿಗೆ ವಿದ್ಯುತ್ ಮೋಟಾರು, ಹೊಟ್ಟೆಯೊಳಗೆ 11.1 ವೋಲ್ಟಿನ ಲಿಥಿಯಂ ಬ್ಯಾಟರಿ. ಒಮ್ಮೆ ಚಾರ್ಜು ಮಾಡಿದರೆ ಸುಮಾರು 10 ನಿಮಿಷದ ಹಾರಾಟ. ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ 1957ರ ಜೂನ್ 30ರಂದು ‘ರೇಡಿಯೋ ಕ್ವೀನ್’ ಎಂಬ ಇಂಥದೇ ವಿಮಾನವನ್ನು ಬ್ಯಾಟರಿಯಿಂದ ಹಾರಿಸಿ ದಾಖಲೆಗೆ ಸೇರಿದರಂತೆ. ನಮ್ಮ ದೇಶದ 2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ ಹಾರಿಸುವವರ ಕಣ್ಣಳತೆಯೊಳಗೇ ಇರಬೇಕು. ಅದರ ಮೇಲಿಂದ ಕಣ್ಣು ತೆಗೆಯುವಂತಿಲ್ಲ. ಸರಿ, ಕೈ ತೆಗೆಯಬಹುದೇ?

ಹೊಸಬರಿಗೆ ಕಲಿಸುವಾಗ ಎರಡು ರಿಮೋಟುಗಳನ್ನು ಜೋಡಿಸುತ್ತಾರೆ. ಒಂದು ಗುರುವಿನ ಕೈಯಲ್ಲಿ, ಇನ್ನೊಂದು ಶಿಷ್ಯನ ಕೈಯಲ್ಲಿ. ಗುರುವಿನ ರಿಮೋಟಿನಲ್ಲಿ ಒಂದು ಸ್ಪ್ರಿಂಗಿನ ಗುಂಡಿ ಇದೆ. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತೂ ವಿಮಾನ ಶಿಷ್ಯನದು. ಬೆರಳು ತೆಗೆದ ಕ್ಷಣಕ್ಕೆ ಮತ್ತೆ ಗುರುವಿನದು. ನೋಡಿ, ಕಿತ್ತುಕೊಳ್ಳುವುದಕ್ಕೆ ಏನೂ ಶ್ರಮವಿಲ್ಲ, ಸುಮ್ಮನೆ ಬಿಟ್ಟರಾಯಿತು. ಬೆರಳು ನೋಯುವುದು ಕೊಟ್ಟುಕೊಂಡೇ ಇರುವುದಕ್ಕೆ! ಹಾರಿಸುವವರಲ್ಲಿ ಇನ್ನೊಂದು ಮಾತೂ ಉಂಟು: ಕಲಿಯುವವರು ಎರಡು ತಪ್ಪು ಮಾಡಿದರೂ ಉಳಿಯುವಷ್ಟು ಎತ್ತರದಲ್ಲಿ ಹಾರಿಸಬೇಕು.

ಒಂದು ಭಾನುವಾರ ತಮ್ಮ ಮೊದಲು ಮಗನಿಗೆ ಕಲಿಸಿದ, ಆಮೇಲೆ ಮಗಳಿಗೆ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡವೂ ನಮ್ಮ ಎಡವೂ ಒಂದೇ. ತಿರುಗಿ ನಮ್ಮತ್ತ ಬರುವಾಗ ಅದರ ಎಡ ನಮಗೆ ಬಲವಾಗುತ್ತದೆ. ಹೊಸಬರೆಲ್ಲ ಗಲಿಬಿಲಿಗೊಳ್ಳುವುದು ಇಲ್ಲೇ. ಹುಡುಗನೂ ತಪ್ಪು ಬದಿಗೆ ಎಳೆದ. ವಿಮಾನ ಮುಗ್ಗರಿಸಿತು. “ಇರು, ಗಾಬರಿ ಬೇಡ, ಸರಿ ಮಾಡ್ಕೊ” ಎಂದ ತಮ್ಮ. ಬೆರಳು ಗುಂಡಿಯ ಮೇಲೇ ಇತ್ತು. ಹುಡುಗ ಸರಿ ಮಾಡಿಕೊಂಡ.

ಮಗಳು ಹೆದರುತ್ತಾಳೆಂದು ಅವಳಿಗೆ ತುಸು ಕೆಳಗೇ ಹಾರಿಸಲು ಕೊಟ್ಟ. ಅವಳೂ ಅಲ್ಲೇ ತಪ್ಪಿದಳು. ರೆಕ್ಕೆ ವಾಲಿದ್ದೇ ತಡ, ಅಪ್ಪನ ಬೆರಳು ಮೇಲೆದ್ದಿತ್ತು.

“ನಾನು ಸರಿ ಮಾಡ್ತಿದ್ದೆ ಅಪ್ಪ, ನೀನು ಬಿಡ್ಲಿಲ್ಲ.”

“ಅಷ್ಟು ಕೆಳಗಿತ್ತು ಪುಟ್ಟಿ, ಬಿದ್ದು ಮುರಿದುಹೋಗ್ತಿತ್ತು.”

ಇಬ್ಬರ ಮಾತೂ ನಿಜವೇ. ಅವಳ ಕೈಗೆ ಬರುತ್ತಿತ್ತು, ಆದರೆ ಸಮಯವಿರಲಿಲ್ಲ. ಸಮಯವಿಲ್ಲದ್ದು ಏಕೆ? ಅವಳಿಗೆ ಎತ್ತರ ಕೊಟ್ಟಿರಲಿಲ್ಲ. ಕ್ಷೇಮವೆಂದು ಕೊಟ್ಟ ತಗ್ಗೇ ಅಪಾಯವಾಯಿತು.

ಇಷ್ಟು ವರ್ಷ ಶಾಲೆಯಲ್ಲಿದ್ದು ನಾನು ಕಂಡದ್ದೂ ಇದನ್ನೇ. ಹುಡುಗ ಪಿಯುಸಿಯಲ್ಲಿ ನಪಾಸಾದರೆ “ಇನ್ನೊಂದು ಸಲ ಕಟ್ಟಲಿ ಬಿಡಿ, ಗಂಡುಹುಡುಗ” ಎನ್ನುತ್ತಾರೆ. ಹುಡುಗಿ ನಪಾಸಾದರೆ ಅದೇ ವಾರ ಜಾತಕ ಹೊರಗೆ ಬರುತ್ತದೆ. ಅವನಿಗೆ ಎರಡು ತಪ್ಪಿನ ಎತ್ತರ, ಇವಳಿಗೆ ಅರ್ಧ ತಪ್ಪಿನದು. ಆಮೇಲೆ ನಾವೇ ಹೇಳುತ್ತೇವೆ, “ಹೆಣ್ಣುಮಕ್ಕಳಿಗೆ ಧೈರ್ಯ ಸಾಲದು” ಎಂದು.

ನೀವು ಕೇಳಬಹುದು: ಮುರಿದ ರೆಕ್ಕೆಯನ್ನು ಅಂಟು ಹಾಕಿ ಕೂಡಿಸಬಹುದು, ಹುಡುಗಿಯ ಬಾಳು ಹಾಗೆಯೇ? ಇದು ಬರಿಯ ಅಂಜಿಕೆಯಲ್ಲ. ಲೋಕ ಹುಡುಗನ ತಪ್ಪನ್ನು ಮರೆಯುತ್ತದೆ, ಹುಡುಗಿಯದನ್ನು ಮರೆಯುವುದಿಲ್ಲ ಎಂಬುದು ಹೆತ್ತವರಿಗೆ ಗೊತ್ತು. ಆದರೆ ಅದಕ್ಕೇ ಅಲ್ಲವೇ ಅವಳಿಗೆ ಎತ್ತರ ಹೆಚ್ಚು ಬೇಕಾದದ್ದು? ಎತ್ತರವೆಂದರೆ ಅವಳನ್ನು ಹೇಗೋ ಇರು ಎಂದು ಬಿಟ್ಟುಬಿಡುವುದಲ್ಲ. ಒಂದು ಪದವಿ, ಅವಳ ಹೆಸರಿನಲ್ಲೇ ಒಂದು ಬ್ಯಾಂಕ್ ಖಾತೆ, ಸ್ಕೂಟರ್ ಓಡಿಸಲು ಬರುವ ಕೈ, ಎಡವಿದ ದಿನವೂ ಅವಳಿಗೆ ತೆರೆದಿರುವ ತವರಿನ ಬಾಗಿಲು. ಇವು ಇದ್ದರೆ ತಪ್ಪಿಗೂ ನೆಲಕ್ಕೂ ನಡುವೆ ಒಂದಿಷ್ಟು ಅಂತರ ಉಳಿಯುತ್ತದೆ.

ಬೆರಳನ್ನು ಎಂದೂ ತೆಗೆಯಲೇಬಾರದೆಂದು ನಾನು ಹೇಳುತ್ತಿಲ್ಲ. ವಿಮಾನ ಜನರಿರುವ ಕಡೆಗೆ ನುಗ್ಗಿದರೆ, ಶಿಷ್ಯನ ಕೈ ಸ್ತಬ್ಧವಾಗಿಬಿಟ್ಟರೆ, ಗುರು ನೋಡುತ್ತ ನಿಲ್ಲುವುದು ಪಾಪ. ಆದರೆ ಸರಿಪಡಿಸಿಕೊಳ್ಳಲು ಅವಳಿಗೆ ಇನ್ನೂ ಸಮಯವಿರುವಾಗಲೇ ನಾವು ಕಿತ್ತುಕೊಂಡರೆ, ಕಾಪಾಡಿದ್ದು ಅವಳನ್ನಲ್ಲ, ನಮ್ಮ ಎದೆಬಡಿತವನ್ನು. ಈ ಎರಡರ ಭೇದ ತಿಳಿಯುವುದು ಕಷ್ಟ. ತಾಯಿಗೂ ಕಷ್ಟ, ಟೀಚರಿಗೂ ಕಷ್ಟ. ಆದರೂ ಗುಂಡಿ ನಮ್ಮ ಕೈಯಲ್ಲಿ ಇರುವವರೆಗೆ ಆ ಭೇದವನ್ನು ಹುಡುಕುವ ಹೊಣೆ ನಮ್ಮದೇ.

ಮುಂದಿನ ಸಲ ಫಲಿತಾಂಶ ಬಂದಾಗ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬ ಹುಡುಗಿಗೆ ಒಂದು ವಿಷಯ ಹೋಗಿರಬಹುದು. ಗಂಡು ನೋಡುವ ಮಾತು ಆಮೇಲೆ ಇರಲಿ. ಮೊದಲು ಮುಂದಿನ ಪರೀಕ್ಷೆಗೆ ಕಟ್ಟಿಸಿ. ಶುಲ್ಕ ಕಟ್ಟುವ ಕಡೆಯ ದಿನ ಬಲು ಬೇಗ ಬಂದುಬಿಡುತ್ತದೆ.