ಕೊಡುವ ಮುನ್ನ ಕೇಳುವ ಧರ್ಮ

ಶ್ರಾವಕನ ಷಟ್ಕರ್ಮಗಳಲ್ಲಿ ದಾನವೂ ಒಂದು. ಕೊಡಬೇಕೆಂಬ ವಿಷಯದಲ್ಲಿ ನಮ್ಮಲ್ಲಿ ಯಾರಿಗೂ ಸಂದೇಹವಿಲ್ಲ. ಏನನ್ನು, ಯಾರಿಗೆ, ಯಾವ ಮನೋಭಾವದಿಂದ ಕೊಡಬೇಕೆಂಬ ವಿಷಯದಲ್ಲಿ ಮಾತ್ರ ನಾವು ಸಾಕಷ್ಟು ಆಲೋಚಿಸುವುದಿಲ್ಲ. ಇಂದು ನಮ್ಮ ಪಟ್ಟಣಗಳಲ್ಲಿ ವೃದ್ಧಾಶ್ರಮಗಳು ಹೆಚ್ಚುತ್ತಿವೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪಾಲನೆ-ಪೋಷಣೆ ಕಾಯಿದೆಯು ಪ್ರತಿ ಜಿಲ್ಲೆಗೂ ಕನಿಷ್ಠ ಒಂದು ವೃದ್ಧಾಶ್ರಮವಿರಬೇಕೆಂಬ ಆಶಯವನ್ನು ಒಳಗೊಂಡಿದೆ. ಹುಟ್ಟುಹಬ್ಬ, ಪುಣ್ಯತಿಥಿ, ಪರ್ವದಿನಗಳಂದು ಅಲ್ಲಿಗೆ ಹೋಗಿ ಉಡುಗೊರೆ ಹಂಚಿ ಬರುವುದು ರೂಢಿಯಾಗಿದೆ. ಈ ರೂಢಿ ಒಳ್ಳೆಯದೇ. ಆದರೆ ಆ ಉಡುಗೊರೆಯಿಂದ ತೃಪ್ತಿ ಹೊಂದುವವರು ಪಡೆದವರೋ ಕೊಟ್ಟವರೋ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳಬೇಕು. ನನಗೆ ಆ ಪ್ರಶ್ನೆ ಎದುರಾದ ಸಂದರ್ಭವನ್ನು ಇಲ್ಲಿ ನಿವೇದಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರ ಪುಣ್ಯತಿಥಿಯಂದು ನಾವು ಮನೆಮಂದಿಯೆಲ್ಲ ಮೈಸೂರಿನ ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆವು. 40 ಶಾಲುಗಳನ್ನೂ ಅಷ್ಟೇ ಸಂಖ್ಯೆಯ ಲಾಡಿನ ಪೊಟ್ಟಣಗಳನ್ನೂ ಒಯ್ದಿದ್ದೆವು. ಹಿರಿಯರನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರಿಗೂ ಹೊದಿಸಿದೆವು, ಭಾವಚಿತ್ರಗಳನ್ನೂ ತೆಗೆಸಿಕೊಂಡೆವು. ಸಾಲಿನ ಕೊನೆಯಲ್ಲಿದ್ದ ವೃದ್ಧರೊಬ್ಬರು ಶಾಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, "ಈ ವರ್ಷಕ್ಕೆ ಇದು ಏಳನೆಯದು ಸ್ವಾಮಿ. ಬೆನ್ನು ಮಾತ್ರ ಒಂದೇ" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಹೆಚ್ಚು ನಾಟಿತು.

ಹಾಗಾದರೆ ನಿಮಗೆ ಏನು ಬೇಕಿತ್ತು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆದಿಂಬಿನ ಅಡಿಯಿಂದ ಒಂದು ಚಿಕ್ಕ ರೇಡಿಯೋ ತೆಗೆದು ತೋರಿಸಿದರು. ಅದರ ಸೆಲ್ಲು ಮುಗಿದು ನಾಲ್ಕು ತಿಂಗಳಾಗಿತ್ತು. ಅವರು ಹೆಗ್ಗಡದೇವನಕೋಟೆ ಸೀಮೆಯವರು. ಬೀಚನಹಳ್ಳಿಯಲ್ಲಿ ಕಬಿನಿ ಜಲಾಶಯವು 1974ರಲ್ಲಿ ಪೂರ್ಣಗೊಂಡಾಗ ಅವರ ಊರೂ ಹೊಲವೂ ಹಿನ್ನೀರಿನ ಪಾಲಾಗಿದ್ದವು. ಮಳೆಗಾಲದಲ್ಲಿ ರೇಡಿಯೋದ ವಾರ್ತೆಗಳಲ್ಲಿ ಜಲಾಶಯದ ಮಟ್ಟವನ್ನು ಹೇಳುವಾಗ ಅವರು ತಪ್ಪದೆ ಕೇಳುತ್ತಿದ್ದರಂತೆ. ಕಬಿನಿಯ ಗರಿಷ್ಠ ಮಟ್ಟ 2,284 ಅಡಿ. "ಇಷ್ಟು ಅಡಿ ಅಂದರೆ ನಮ್ಮ ಹೊಲದ ಮೇಲೆ ಎಷ್ಟು ನೀರು ನಿಂತಿದೆ ಅಂತ ನನಗೆ ಲೆಕ್ಕ ಸಿಗುತ್ತೆ" ಎಂದರು. ಏಳು ಶಾಲುಗಳನ್ನು ಕೊಟ್ಟ ಏಳು ಮನೆತನಗಳವರಲ್ಲಿ ಯಾರೂ ಈ ಮಾತನ್ನು ಕೇಳಿರಲಿಲ್ಲ. ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ. ದುಃಖಿತ ಜೀವಿಗೆ ಅನುಕಂಪದಿಂದ ಅಭಯವೀಯುವುದು ದಯಾದತ್ತಿ. ತನಗೆ ಸಮಾನನಾದವನಿಗೆ ಗೌರವದಿಂದ ಕೊಡುವುದು ಸಮದತ್ತಿ. ವೃದ್ಧಾಶ್ರಮದ ಬಾಗಿಲನ್ನು ನಾವು ಸಾಮಾನ್ಯವಾಗಿ ಕೇವಲ ದಯೆಯ ಭಾವದಿಂದ ಪ್ರವೇಶಿಸುತ್ತೇವೆ. ಒಳಗಿರುವವರೆಲ್ಲ ನಮಗೆ ಒಂದೇ ರೀತಿ ಕಾಣಿಸುತ್ತಾರೆ. ಆದಕಾರಣ ಎಲ್ಲರಿಗೂ ಒಂದೇ ವಸ್ತುವನ್ನು ಒಯ್ಯುತ್ತೇವೆ. ಸಮಾನನಾದ ಸ್ನೇಹಿತನಿಗೆ ಉಡುಗೊರೆ ಕೊಡುವಾಗ ನಾವು ಹಾಗೆ ಮಾಡುವೆವೆ? ಅವನ ಅಭಿರುಚಿ, ಅವನ ಕಣ್ಣಿನ ಶಕ್ತಿ, ಅವನಲ್ಲಿ ಈಗಾಗಲೇ ಇರುವುದು ಇಲ್ಲದಿರುವುದು ಎಲ್ಲವನ್ನೂ ನೆನೆಯುತ್ತೇವೆ. ಅಗತ್ಯವನ್ನು ಅರಿತು ಕೊಟ್ಟವರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನಾವು ಮರೆಯುವಂತಿಲ್ಲ. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಯ ಗ್ರಂಥವು ಪ್ರತಿಯಾಗದಿದ್ದರೆ ನಶಿಸುತ್ತದೆ ಎಂಬ ಅರಿವು ಆ ದಾನದ ಹಿಂದೆ ಇತ್ತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನವನ್ನು ವೈಯಾವೃತ್ಯವೆಂದು, ಅಂದರೆ ಸೇವೆಯೆಂದು, ಕರೆದಿರುವುದು ಗಮನಾರ್ಹ. ಆಹಾರ, ಔಷಧ, ಆವಾಸಗಳ ಜೊತೆಗೆ ಉಪಕರಣವನ್ನೂ ಅವರು ಎಣಿಸಿದ್ದಾರೆ. ಅಲ್ಲಿ ಸಂಯಮಿಗಳ ಸೇವೆಯೇ ಪ್ರಧಾನವಾದರೂ ಆ ವಿವೇಕವನ್ನು ಹಿರಿಯರ ವಿಷಯಕ್ಕೂ ಅನ್ವಯಿಸಬಹುದು. ಸರಿಯಾದ ಅಂಕೆಯ ಕನ್ನಡಕ, ಶ್ರವಣಸಾಧನ, ಜಾರದ ಅಟ್ಟೆಯ ಚಪ್ಪಲಿ, ದಪ್ಪಕ್ಷರದ ಪುಸ್ತಕ, ಬಂಧುಗಳ ಹೆಸರು ಬರೆದ ಭಾವಚಿತ್ರಗಳ ಸಂಪುಟ ಇವೆಲ್ಲವೂ ಉಪಕರಣಗಳೇ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿಯೂ ಊರುಗೋಲು, ಶ್ರವಣಸಾಧನ, ಕನ್ನಡಕ, ಕೃತಕ ದಂತಪಂಕ್ತಿಗಳೇ ಮುಖ್ಯವಾಗಿವೆ. ಆ ಯೋಜನೆಯ ಪ್ರಯೋಜನ ಪಡೆಯಲು ಅರ್ಜಿ ಬರೆದುಕೊಡುವುದೂ ಒಂದು ಕಾಣಿಕೆಯೇ.

ಕೇಳದೆ ಕೊಡುವುದರಲ್ಲಿ ಅಪಾಯವೂ ಉಂಟು. ಮಧುಮೇಹಿಗೆ ಲಾಡು, ಮೂತ್ರಪಿಂಡದ ರೋಗಿಗೆ ಬಾಳೆಹಣ್ಣು ಮತ್ತು ಎಳನೀರು, ನುಂಗಲು ಕಷ್ಟಪಡುವವರಿಗೆ ಗಟ್ಟಿ ತಿಂಡಿ ಹಾನಿಕರವಾಗಬಹುದು. ಪ್ರಮಾದದಿಂದ ಆಗುವ ಪ್ರಾಣಪೀಡೆಯೇ ಹಿಂಸೆ ಎಂದು ನಂಬುವ ನಾವು, ನಮ್ಮ ಸಿಹಿಯ ಪೊಟ್ಟಣದಲ್ಲಿಯೂ ಪ್ರಮಾದ ಅಡಗಿರಬಹುದೆಂದು ಅರಿಯಬೇಡವೆ? ನಮ್ಮ ಜಿಲ್ಲೆಯ ಪಿರಿಯಾಪಟ್ಟಣದ ಬಳಿಯ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದಲೂ ಟಿಬೆಟನ್ನರು ನೆಲೆಸಿದ್ದಾರೆ. ಅಲ್ಲಿಯ ವೃದ್ಧರೊಬ್ಬರಿಗೆ ಹುರಿದ ಬಾರ್ಲಿಯ ಹಿಟ್ಟು, ಜಪಮಾಲೆ, ಅವರ ಲಿಪಿಯ ಒಂದು ಗ್ರಂಥ ಕೊಡುವ ಸಮಾಧಾನವನ್ನು ನಮ್ಮ ಜರಿಯ ಶಾಲು ಕೊಡಲಾರದು. ಇದು ಕೇಳಿದರೆ ಮಾತ್ರ ತಿಳಿಯುವ ವಿಷಯ.

ಇನ್ನು ಸಿಬ್ಬಂದಿಯ ಮಾತು. ಅಂದು ನಾವು ಹಂಚಿದ ಪೊಟ್ಟಣಗಳ ಕಾಗದವನ್ನು ಗುಡಿಸಿದವರು, ಸಿಹಿ ತಿನ್ನಬಾರದವರಿಂದ ಅದನ್ನು ಮೆಲ್ಲನೆ ಹಿಂದಕ್ಕೆ ಪಡೆದು ಅವರ ಮುನಿಸನ್ನು ಸಹಿಸಿದವರು ಅಲ್ಲಿಯ ಆಯಾಗಳು. ನಮ್ಮ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮಲಮೂತ್ರಾದಿಗಳನ್ನು ಹೇಸದೆ ಶುಚಿಗೊಳಿಸಿ ರಾತ್ರಿಯಿಡೀ ಎಚ್ಚರವಿರುವ ಅವರ ಕೆಲಸವನ್ನು ವೈಯಾವೃತ್ಯವೆನ್ನದೆ ಬೇರೆ ಏನೆನ್ನಬೇಕು? ಆದರೆ ಇಲ್ಲಿ ಒಂದು ಸೂಕ್ಷ್ಮ ಪ್ರಶ್ನೆಯಿದೆ. ತನ್ನ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳಲೆಂದು ಮಗನೊಬ್ಬನು ಆಯಾಳ ಕೈಯಲ್ಲಿ ಗುಟ್ಟಾಗಿ ಹಣವಿಟ್ಟರೆ ಅದು ಉಡುಗೊರೆಯೋ ಲಂಚವೋ? ಅವನ ತಾಯಿಗೆ ದೊರೆತ ಹೆಚ್ಚಿನ ಗಮನವು ಯಾರೂ ಇಲ್ಲದ ಪಕ್ಕದ ಹಾಸಿಗೆಯವರಿಂದ ಕಿತ್ತುಕೊಂಡದ್ದಲ್ಲವೆ? ನನಗೆ ತೋರುವ ನಿಯಮವಿಷ್ಟು: ಸಿಬ್ಬಂದಿಗೆ ಕೊಡುವುದು ಬಹಿರಂಗವಾಗಿರಲಿ; ವ್ಯವಸ್ಥಾಪಕರ ಅರಿವಿನಲ್ಲಿ, ಅಡಿಗೆಯವರಿಂದ ರಾತ್ರಿ ಕಾವಲಿನವರವರೆಗೆ ಎಲ್ಲರಿಗೂ ಸಲ್ಲಲಿ; ಪ್ರತಿಫಲದ ನಿರೀಕ್ಷೆ ಇಲ್ಲದಿರಲಿ; ನ್ಯಾಯವಾದ ವೇತನಕ್ಕೆ ಅದು ಬದಲಿಯಾಗದಿರಲಿ. ಹೆಸರು ಹಿಡಿದು ಬರೆದ ಕೃತಜ್ಞತೆಯ ಎರಡು ಸಾಲುಗಳಿಗೂ ಬೆಲೆಯಿದೆ.

ಆ ವೃದ್ಧರ ರೇಡಿಯೋಗೆ ಅಂದೇ ಸೆಲ್ಲು ತಂದುಕೊಟ್ಟೆ. ಸೆಲ್ಲು ಸವೆಯುವ ವಸ್ತುವಾದ್ದರಿಂದ ತಿಂಗಳಿಗೊಮ್ಮೆ ಹೋಗಲೇಬೇಕಾಯಿತು. ಶಾಲು ಕೊಟ್ಟವನಿಗೆ ಮರಳಿ ಹೋಗುವ ಅಗತ್ಯವಿರುವುದಿಲ್ಲ. ಸೆಲ್ಲು ಕೊಟ್ಟವನಿಗೆ ಇರುತ್ತದೆ. ಮೂರನೆಯ ಭೇಟಿಯಲ್ಲಿ ಅವರು ಒಂದು ಸಹಾಯ ಕೇಳಿದರು. ರಾತ್ರಿ ಪಾಳಿಯ ಆಯಾ ಚಳಿಯಲ್ಲಿ ನಡುಗುತ್ತಾಳೆ; ತಮ್ಮ ಏಳು ಶಾಲುಗಳಲ್ಲಿ ಎರಡನ್ನು ಆಕೆಗೆ ಕೊಡಬೇಕು; ಆದರೆ ನಿವಾಸಿಗಳಿಂದ ಸಿಬ್ಬಂದಿ ಏನನ್ನೂ ಪಡೆಯಬಾರದೆಂಬ ನಿಯಮವಿದೆ; ಏನು ಮಾಡುವುದು? ನಿಯಮ ಸರಿಯಾದದ್ದೇ. ವ್ಯವಸ್ಥಾಪಕರೊಡನೆ ಮಾತಾಡಿದೆವು. ಆ ಶಾಲುಗಳು ರಾತ್ರಿ ಪಾಳಿಯ ಕೋಣೆಗೆ ಸೇರಿದವೆಂದು ದಾಖಲಾಗಿ, ಎಲ್ಲರೆದುರಿಗೆ ಅವರ ಕೈಯಿಂದಲೇ ಸಂದವು.

ಅಂದು ಆ ಹಿರಿಯರ ಮುಖದಲ್ಲಿ ಕಂಡ ಕಳೆಯನ್ನು ನಾವು ಶಾಲು ಹೊದಿಸಿದ ದಿನ ಕಂಡಿರಲಿಲ್ಲ. ಪಡೆಯುವವನಾಗಿಯೇ ಉಳಿಯುವುದು ವೃದ್ಧಾಶ್ರಮದ ದೊಡ್ಡ ಬಡತನ. ಮನೆ, ಹೊಲ, ಕೊನೆಗೆ ಕೊಡುವ ಅಧಿಕಾರ ಎಲ್ಲವನ್ನೂ ಕಳೆದುಕೊಂಡವನಿಗೆ ಆ ಅಧಿಕಾರವನ್ನು ಮರಳಿಸುವ ಉಡುಗೊರೆಗಿಂತ ಮಿಗಿಲಾದುದು ನನಗೆ ಕಾಣದು. ಸಮದತ್ತಿಯ ಸಮತ್ವವೂ ಇದೇ ಇರಬೇಕು. ಆದುದರಿಂದ ವಾಚಕರಲ್ಲಿ ನನ್ನ ವಿನಂತಿಯಿಷ್ಟೆ: ಮುಂದಿನ ಬಾರಿ ವೃದ್ಧಾಶ್ರಮಕ್ಕೆ ಹೊರಡುವಾಗ ಮೊದಲ ದಿನ ಬರಿಗೈಯಲ್ಲಿ ಹೋಗಿ, ಹೆಸರು ಕೇಳಿ, ಊರು ಕೇಳಿ, ಏನು ಬೇಕೆಂದು ಕೇಳಿ ಬನ್ನಿ. ಉಡುಗೊರೆಯನ್ನು ಎರಡನೆಯ ಸಲ ಒಯ್ಯಬಹುದು.